ಬೆಂಗಳೂರಿನ ಹೆಸರಲ್ಲಿ ಜಗತ್ತಿನ ನ್ಯಾಯನೀತಿ

ಫಿಲಿಪ್ಪೀನ್ಸ್ ದೇಶದ ನ್ಯಾಯಾಧೀಶರಿಗೆಂದು 2004ರಲ್ಲಿ ಜಾರಿಗೆ ಬಂದ ನೀತಿಸಂಹಿತೆಯ ಪೀಠಿಕೆಯಲ್ಲಿ ಬೆಂಗಳೂರಿನ ಹೆಸರಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ನ್ಯಾಯಾಧೀಶರ ಕೈಗೆ ಕೊಡುವ ನಡವಳಿಕೆಯ ಮಾರ್ಗದರ್ಶಿ ನಿಂತಿರುವುದು ಬೆಂಗಳೂರಿನ ಹೆಸರಿನ ಆರು ತತ್ವಗಳ ಮೇಲೆ. ಉಗಾಂಡಾದ ನ್ಯಾಯಾಂಗವೂ ತನ್ನ ಸಂಹಿತೆಯನ್ನು ರೂಪಿಸಿಕೊಂಡದ್ದು ಅವೇ ತತ್ವಗಳನ್ನು ಮುಂದಿಟ್ಟುಕೊಂಡು. ನ್ಯಾಯಾಧೀಶ ಹೇಗಿರಬೇಕು ಎಂಬ ಪ್ರಶ್ನೆ ವಿಶ್ವಸಂಸ್ಥೆಯಲ್ಲಿ ಬಂದಾಗಲೆಲ್ಲ ಮೊದಲು ತೆರೆದುಕೊಳ್ಳುವ ದಾಖಲೆ ‘ನ್ಯಾಯಾಂಗ ನಡವಳಿಕೆಯ ಬೆಂಗಳೂರು ತತ್ವಗಳು’.

ಸಾಫ್ಟ್‌ವೇರ್‌ಗೆ, ಬಾಹ್ಯಾಕಾಶ ವಿಜ್ಞಾನಕ್ಕೆ ಹೆಸರಾದ ನಮ್ಮ ರಾಜಧಾನಿಯ ಈ ಕೀರ್ತಿಯನ್ನು ಬಲ್ಲ ಕನ್ನಡಿಗರು ಕಡಿಮೆ. ಬಲ್ಲವರೂ ಅದನ್ನು ವಕೀಲರ, ನ್ಯಾಯಮೂರ್ತಿಗಳ ವಲಯದ ಸಂಗತಿ ಎಂದು ಬದಿಗಿಡುತ್ತಾರೆ. ಆದರೆ ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯ ಬಿ.ಜಿ. ಕೆರೆಯಿಂದ ಪಾಲಿನ ದಾವೆಯನ್ನೋ ಬದುವಿನ ತಕರಾರನ್ನೋ ಹಿಡಿದು ಮೊಳಕಾಲ್ಮೂರಿನ ನ್ಯಾಯಾಲಯಕ್ಕೆ ಹೋಗುವ ರೈತನಿಗೂ ಈ ದಾಖಲೆಗೂ ನೇರ ಸಂಬಂಧವಿದೆ. ಅದು ಬರೆಯಲ್ಪಟ್ಟದ್ದೇ ಅಂಥವರು ನಿಲ್ಲುವ ಕಟಕಟೆಯನ್ನು ಗಮನದಲ್ಲಿಟ್ಟುಕೊಂಡು. ಅಂತರರಾಷ್ಟ್ರೀಯ ಕಾನೂನಿನ ಬೆಲೆ ಗೊತ್ತಾಗುವುದು ದೂರದ ಅರಮನೆಗಳಲ್ಲಿ ಎಂದು ನಾವು ಭಾವಿಸಿದ್ದೇವೆ. ಅದು ಗೊತ್ತಾಗುವುದು ತಾಲ್ಲೂಕು ಕೇಂದ್ರದ ಮೊದಲ ನ್ಯಾಯಾಲಯದಲ್ಲಿ ಎಂಬುದು ಬೆಂಗಳೂರು ಜಗತ್ತಿಗೆ ತೋರಿಸಿದ ದಾರಿ.

ಹೇಗ್ ಎಂಬ ನ್ಯಾಯದ ನಗರ

ಅಂತರರಾಷ್ಟ್ರೀಯ ಕಾನೂನಿಗೆ ನಗರಗಳ ಹೆಸರು ಅಂಟಿಕೊಳ್ಳುವುದು ಹೊಸದಲ್ಲ. ಯುದ್ಧಕೈದಿಗಳ, ಗಾಯಾಳುಗಳ ರಕ್ಷಣೆಗೆ ಜಿನೀವಾ ಒಪ್ಪಂದಗಳಿವೆ. ಒಂದು ದೇಶದಲ್ಲಿ ಹೊರಬಿದ್ದ ಮಧ್ಯಸ್ಥಿಕೆ ತೀರ್ಪನ್ನು ಇನ್ನೊಂದು ದೇಶದಲ್ಲಿ ಜಾರಿ ಮಾಡಿಸಲು 1958ರ ನ್ಯೂಯಾರ್ಕ್ ಒಪ್ಪಂದವಿದೆ. ದೇಶಗಳ ನಡುವಿನ ಕರಾರುಗಳನ್ನು ಹೇಗೆ ಓದಿಕೊಳ್ಳಬೇಕು ಎಂದು ಹೇಳುವುದು 1969ರ ವಿಯೆನ್ನಾ ಒಪ್ಪಂದ. ವ್ಯಾಪಾರ ವ್ಯಾಜ್ಯಗಳ ರಾಜಿ ಸಂಧಾನಕ್ಕೆ 2019ರಲ್ಲಿ ಸಿಂಗಪುರದ ಹೆಸರು ಸೇರಿಕೊಂಡಿತು.

ಇವೆಲ್ಲಕ್ಕೂ ಹಿರಿಯಣ್ಣನಂತಿರುವುದು ನೆದರ್‌ಲೆಂಡ್ಸ್‌ನ ಹೇಗ್. 1899ರ ಶಾಂತಿ ಸಮ್ಮೇಳನದಲ್ಲಿ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯ ಹುಟ್ಟಿದ್ದು ಅಲ್ಲಿ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಕೊಟ್ಟ 15 ಲಕ್ಷ ಡಾಲರ್‌ನಿಂದ ಕಟ್ಟಿದ ಶಾಂತಿ ಅರಮನೆ 1913ರಲ್ಲಿ ಬಾಗಿಲು ತೆರೆಯಿತು. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಆದರೂ ಆ ಕಟ್ಟಡ ಉಳಿಯಿತು, ಅದರ ಹಿಂದಿನ ವಿಚಾರವೂ ಉಳಿಯಿತು. 1946ರಿಂದ ಅಂತರರಾಷ್ಟ್ರೀಯ ನ್ಯಾಯಾಲಯ ಅಲ್ಲೇ ಕೂರುತ್ತಿದೆ. ಹದಿನೈದು ನ್ಯಾಯಮೂರ್ತಿಗಳು, ಒಬ್ಬೊಬ್ಬರಿಗೆ ಒಂಬತ್ತು ವರ್ಷದ ಅವಧಿ. ಅಲ್ಲಿ ವಾದಿ, ಪ್ರತಿವಾದಿ ಎಲ್ಲ ದೇಶಗಳೇ.

ಈ ಅರಮನೆಯಲ್ಲಿ ಕುಳಿತ ಮೊದಲ ಭಾರತೀಯ ನ್ಯಾಯಮೂರ್ತಿ ಕನ್ನಡ ಕರಾವಳಿಯವರು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ನಮ್ಮ ಸಂವಿಧಾನ ರಚನಾ ಸಭೆಯ ಸಂವಿಧಾನ ಸಲಹೆಗಾರರಾಗಿದ್ದರು. ಅದಕ್ಕೂ ಮುಂಚೆ, 1940ರ ದಶಕದ ಆರಂಭದಲ್ಲಿ, ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳ ನಡುವಿನ ಸಿಂಧೂ ನೀರಿನ ಜಗಳವನ್ನು ಪರಿಶೀಲಿಸಿದ ಆಯೋಗದ ಮುಖ್ಯಸ್ಥರಾಗಿದ್ದರು. 1952ರಲ್ಲಿ ಹೇಗ್‌ಗೆ ಹೋದರು. ಮರುವರ್ಷ ನವೆಂಬರ್‌ನಲ್ಲಿ ತೀರಿಕೊಂಡರು. ಸಿಕ್ಕಿದ್ದು ಒಂದೆರಡು ವರ್ಷ ಮಾತ್ರ. ಮಂಗಳೂರಿನಿಂದ ಹೇಗ್‌ವರೆಗಿನ ಆ ಬದುಕಿಗೆ ಸಲ್ಲಬೇಕಾದ ಗೌರವವನ್ನು ನಾವಿನ್ನೂ ಪೂರ್ತಿ ಸಲ್ಲಿಸಿಲ್ಲ.

ಇತ್ತೀಚೆಗೆ ಬೆಂಗಳೂರು ಇದೇ ಹೇಗ್‌ನಲ್ಲಿ ವ್ಯಾಜ್ಯದ ಮೂಲವಾಗಿಯೂ ಕೇಳಿಬಂತು. ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ, ಎರಡೂ ಬೆಂಗಳೂರಿನ ಸಂಸ್ಥೆಗಳು, 2005ರ ಜನವರಿಯಲ್ಲಿ ಉಪಗ್ರಹ ತರಂಗಾಂತರದ ಒಪ್ಪಂದ ಮಾಡಿಕೊಂಡವು. 2011ರಲ್ಲಿ ಅದು ರದ್ದಾಯಿತು. ವಿವಾದ ಮೂರು ದಿಕ್ಕಿಗೆ ಹರಡಿತು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮಧ್ಯಸ್ಥಿಕೆ ಪೀಠ 2015ರಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಮಾರಿಷಸ್‌ನ ಹೂಡಿಕೆದಾರರು ಹೇಗ್‌ನ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಆಶ್ರಯದಲ್ಲಿ ಭಾರತದ ವಿರುದ್ಧ ಗೆದ್ದರು. ಜರ್ಮನಿಯ ಹೂಡಿಕೆದಾರ ಕಂಪನಿ ಇನ್ನೊಂದು ಪೀಠದ ಮುಂದೆ ಹೋಯಿತು. ಇತ್ತ ನಮ್ಮ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ, ದೇವಾಸ್ ಸ್ಥಾಪನೆಯೇ ವಂಚನೆಯ ಉದ್ದೇಶದ್ದು ಎಂದು ಹೇಳಿ ಕಂಪನಿಯನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋದ ಈ ಪ್ರಕರಣದಲ್ಲಿ 2025ರ ಜೂನ್‌ನಲ್ಲಿ ಅಲ್ಲಿಂದಲೂ ತೀರ್ಪು ಬಂತು.

ಒಪ್ಪಂದದ ಸರಿ–ತಪ್ಪು ಏನೇ ಇರಲಿ, ಈ ಪ್ರಕರಣದಿಂದ ಒಂದು ಮಾತು ಸ್ಪಷ್ಟ. ಅಂತರರಾಷ್ಟ್ರೀಯ ಪೀಠ ತೀರ್ಪು ಕೊಡಬಹುದು. ಅದು ಜಾರಿಯಾಗಬೇಕೆ, ಬಿದ್ದುಹೋಗಬೇಕೆ ಎಂಬುದು ಕೊನೆಗೆ ಯಾವುದೋ ಒಂದು ದೇಶದ, ಯಾವುದೋ ಒಂದು ಊರಿನ ನ್ಯಾಯಾಧೀಶರ ಮೇಜಿಗೇ ಬರುತ್ತದೆ. ಆ ನ್ಯಾಯಾಧೀಶ ಹೇಗೆ ಯೋಚಿಸುತ್ತಾನೆ, ಹೇಗೆ ನಡೆದುಕೊಳ್ಳುತ್ತಾನೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಬೆಂಗಳೂರು ಕೈಹಾಕಿದ್ದು ಈ ಎರಡು ಪ್ರಶ್ನೆಗಳಿಗೆ.

1988: ಜಗತ್ತಿನ ಕಾನೂನು ಊರಿನ ಕೋರ್ಟಿಗೆ

1988ರ ಫೆಬ್ರುವರಿಯಲ್ಲಿ ಹೆಚ್ಚಾಗಿ ಕಾಮನ್‌ವೆಲ್ತ್ ದೇಶಗಳವರಾದ ಕೆಲವು ನ್ಯಾಯಮೂರ್ತಿಗಳು ಬೆಂಗಳೂರಿನಲ್ಲಿ ಸೇರಿದರು. ಸಭೆ ಕರೆದವರು ಭಾರತದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ. ಆಸ್ಟ್ರೇಲಿಯಾದಿಂದ ಮೈಕೇಲ್ ಕಿರ್ಬಿ, ಜಿಂಬಾಬ್ವೆಯಿಂದ ಎನೋಕ್ ಡಂಬುಚೆನಾ, ಪಾಕಿಸ್ತಾನದಿಂದ ಮುಹಮ್ಮದ್ ಹಲೀಂ ಬಂದಿದ್ದರು. ಅಮೆರಿಕದಿಂದ ಬಂದವರು ರೂತ್ ಬೇಡರ್ ಗಿನ್ಸ್‌ಬರ್ಗ್. ಐದು ವರ್ಷದ ಬಳಿಕ ಅವರು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಅವರ ಮುಂದಿದ್ದ ತೊಡಕು ಇದು. ದೇಶವೊಂದು ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕುತ್ತದೆ. ಆದರೆ ಅದಕ್ಕೆ ತಕ್ಕ ಕಾನೂನನ್ನು ಸಂಸತ್ತು ಮಾಡುವುದಿಲ್ಲ. ಬ್ರಿಟಿಷ್ ಪದ್ಧತಿಯ ಕೋರ್ಟುಗಳಲ್ಲಿ ಇಂಥ ಒಪ್ಪಂದಕ್ಕೆ ಬೆಲೆ ಇರಲಿಲ್ಲ. ಸರ್ಕಾರ ಜಗತ್ತಿಗೆ ಒಂದು ಮಾತು ಕೊಟ್ಟು ತನ್ನ ಪ್ರಜೆಗೆ ಅದನ್ನು ನಿರಾಕರಿಸುವುದು ಸಾಧ್ಯವಿತ್ತು. ಬೆಂಗಳೂರಿನ ಸಭೆ ಇದಕ್ಕೆ ನಡುಹಾದಿ ಹುಡುಕಿತು. ದೇಶದ ಕಾನೂನು ಸ್ಪಷ್ಟವಾಗಿದ್ದರೆ ನ್ಯಾಯಾಧೀಶ ಅದನ್ನೇ ಅನ್ವಯಿಸಬೇಕು. ಅದು ಅಸ್ಪಷ್ಟವಾಗಿದ್ದರೆ, ಅಪೂರ್ಣವಾಗಿದ್ದರೆ, ದೇಶ ಒಪ್ಪಿಕೊಂಡ ಅಂತರರಾಷ್ಟ್ರೀಯ ನಿಯಮಗಳ ಬೆಳಕಿನಲ್ಲಿ ಅದನ್ನು ಅರ್ಥೈಸುವುದು ನ್ಯಾಯಾಧೀಶನ ಕೆಲಸದೊಳಗೇ ಬರುತ್ತದೆ. ತನ್ನ ಯೋಚನೆಯ ದಿಕ್ಕನ್ನು ಬದಲಿಸಿದ್ದು ಬೆಂಗಳೂರಿನ ಆ ಸಭೆ ಎಂದು ಕಿರ್ಬಿ ಮುಂದೆ ಹಲವು ಬಾರಿ ಬರೆದಿದ್ದಾರೆ.

ಈ ವಿಚಾರ ನಮ್ಮ ದೇಶದಲ್ಲಿ ಎಷ್ಟು ದೊಡ್ಡ ಫಲ ಕೊಡಬಲ್ಲದು ಎಂಬುದನ್ನು 1997ರ ಆಗಸ್ಟ್ 13ರ ವಿಶಾಖಾ ತೀರ್ಪು ತೋರಿಸಿತು. ಬಾಲ್ಯವಿವಾಹ ತಡೆಯಲು ಹೋದ ರಾಜಸ್ಥಾನದ ಹಳ್ಳಿಯ ಕಾರ್ಯಕರ್ತೆಯ ಮೇಲೆ ನಡೆದ ಅತ್ಯಾಚಾರ ಆ ಪ್ರಕರಣದ ಹಿನ್ನೆಲೆ. ದುಡಿಯುವ ಜಾಗದಲ್ಲಿ ಹೆಣ್ಣಿನ ಮೇಲಿನ ಲೈಂಗಿಕ ಕಿರುಕುಳ ತಡೆಯಲು ಆಗ ಕಾನೂನೇ ಇರಲಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 1993ರಲ್ಲಿ ಅನುಮೋದಿಸಿತ್ತು. ಸುಪ್ರೀಂ ಕೋರ್ಟ್ ಅದನ್ನೇ ಆಧಾರವಾಗಿ ಹಿಡಿದು, ಸಂಸತ್ತು ಕಾನೂನು ಮಾಡುವವರೆಗೆ ಜಾರಿಯಲ್ಲಿರಬೇಕಾದ ನಿಯಮಗಳನ್ನು ತಾನೇ ಕೊಟ್ಟಿತು. ಕಾನೂನು ಬರಲು 2013 ಆಯಿತು. ನಡುವಿನ ಹದಿನಾರು ವರ್ಷ ಈ ದೇಶದ ದುಡಿಯುವ ಹೆಣ್ಣುಮಕ್ಕಳಿಗೆ ಆಸರೆಯಾಗಿದ್ದು ಆ ತೀರ್ಪು, ಅದರ ಬೆನ್ನಿಗಿದ್ದದ್ದು ಅಂತರರಾಷ್ಟ್ರೀಯ ಒಪ್ಪಂದ.

2001: ನ್ಯಾಯಾಧೀಶರ ನಡತೆಗೆ ಅಳತೆಗೋಲು

ಎರಡನೆಯ ಹೆಜ್ಜೆ ಇನ್ನೂ ದೊಡ್ಡದು. 1990ರ ದಶಕದ ಹೊತ್ತಿಗೆ ಹಲವು ದೇಶಗಳಲ್ಲಿ ನ್ಯಾಯಾಂಗದ ಭ್ರಷ್ಟಾಚಾರದ ದೂರುಗಳು ಏರುತ್ತಿದ್ದವು. ಹೊರಗಿನವರು ನ್ಯಾಯಾಧೀಶರನ್ನು ಹದ್ದುಬಸ್ತಿನಲ್ಲಿಡಲು ಹೊರಟರೆ ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆ. ಸುಮ್ಮನಿದ್ದರೆ ಜನರ ನಂಬಿಕೆಗೆ ಧಕ್ಕೆ. ನ್ಯಾಯಾಧೀಶರೇ ತಮಗೆ ತಾವು ನಿಯಮ ಹಾಕಿಕೊಳ್ಳಬೇಕು ಎಂದುಕೊಂಡು 2000ದ ಏಪ್ರಿಲ್‌ನಲ್ಲಿ ಏಷ್ಯಾ, ಆಫ್ರಿಕಾದ ಹಿರಿಯ ನ್ಯಾಯಮೂರ್ತಿಗಳ ಒಂದು ಚಿಕ್ಕ ಗುಂಪು ವಿಯೆನ್ನಾದಲ್ಲಿ ಸೇರಿತು. ಅಂತರರಾಷ್ಟ್ರೀಯ ನ್ಯಾಯಾಲಯದ ಉಪಾಧ್ಯಕ್ಷರಾಗಿದ್ದ ಶ್ರೀಲಂಕಾದ ಕ್ರಿಸ್ಟೋಫರ್ ವೀರಮಂತ್ರಿ ಅಧ್ಯಕ್ಷತೆ ವಹಿಸಿದರು. ಬಾಂಗ್ಲಾದೇಶ, ನೇಪಾಳ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಉಗಾಂಡಾದ ನ್ಯಾಯಮೂರ್ತಿಗಳ ಜೊತೆ ಆಗ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ವೈ. ಭಾಸ್ಕರ ರಾವ್ ಅವರೂ ಅದರಲ್ಲಿದ್ದರು.

ಗುಂಪಿನ ಎರಡನೆಯ ಸಭೆ 2001ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಬೇರೆ ಬೇರೆ ದೇಶಗಳ ಸಂಹಿತೆಗಳನ್ನು ಹೋಲಿಸಿ ನೋಡಿ ಅಲ್ಲಿ ಕರಡು ಸಿದ್ಧವಾಯಿತು. ಅದನ್ನು ಬರೆದವರು ಮುಖ್ಯವಾಗಿ ಬ್ರಿಟಿಷ್ ಮೂಲದ ಕಾನೂನು ಪದ್ಧತಿಯವರು. ಫ್ರಾನ್ಸ್, ಬ್ರೆಜಿಲ್, ಈಜಿಪ್ಟ್‌ನಂಥ ದೇಶಗಳ ಪದ್ಧತಿಯೇ ಬೇರೆ. ಯುರೋಪಿನ ಕೆಲವೆಡೆ ನ್ಯಾಯಾಧೀಶ ರಾಜಕೀಯ ಪಕ್ಷದ ಸದಸ್ಯನಾಗುವುದಕ್ಕೂ ಅವಕಾಶವಿದೆ. ಹಾಗಾಗಿ ಕರಡು ದೇಶದೇಶ ಸುತ್ತಿ, ಆಕ್ಷೇಪಗಳನ್ನು ಕೇಳಿಸಿಕೊಂಡು, 2002ರ ನವೆಂಬರ್ 25 ಮತ್ತು 26ರಂದು ಹೇಗ್‌ನ ಶಾಂತಿ ಅರಮನೆಯಲ್ಲಿ ನಡೆದ ಮುಖ್ಯ ನ್ಯಾಯಮೂರ್ತಿಗಳ ದುಂಡುಮೇಜಿನ ಸಭೆಯಲ್ಲಿ ಅಂತಿಮ ರೂಪ ಪಡೆಯಿತು. ಅಂತಿಮವಾದದ್ದು ಹೇಗ್‌ನಲ್ಲಿ. ಆದರೂ ಹುಟ್ಟಿದ ಊರಿನ ಹೆಸರನ್ನೇ ಉಳಿಸಿಕೊಂಡರು.

2003ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗ ಅದನ್ನು ಎಲ್ಲ ದೇಶಗಳ ಗಮನಕ್ಕೆ ತಂದಿತು. 2006ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ, ತಂತಮ್ಮ ನ್ಯಾಯಾಂಗದ ನಿಯಮ ರೂಪಿಸುವಾಗ ಇದನ್ನು ಪರಿಗಣಿಸಿ ಎಂದು ಸದಸ್ಯ ದೇಶಗಳನ್ನು ಕೋರಿತು. 2007ರಲ್ಲಿ ವಿವರವಾದ ವ್ಯಾಖ್ಯಾನ ಹೊರಬಂತು. 2010ರ ಜನವರಿಯಲ್ಲಿ ಜಾಂಬಿಯಾದ ಲುಸಾಕಾದಲ್ಲಿ, ತತ್ವಗಳನ್ನು ಆಚರಣೆಗೆ ತರುವ ಕ್ರಮಗಳು ಸಿದ್ಧವಾದವು. ಇದಕ್ಕೆ ಯಾವ ದೇಶದ ಸಹಿಯೂ ಇಲ್ಲ, ಮುರಿದರೆ ದಂಡವಿಲ್ಲ. ಆದರೂ ಇಷ್ಟು ದೂರ ಹಬ್ಬಿತು. ಕಾರಣ, ಇದನ್ನು ನ್ಯಾಯಾಧೀಶರ ಮೇಲೆ ಯಾರೂ ಹೇರಲಿಲ್ಲ, ಅವರೇ ಬರೆದುಕೊಂಡರು.

ತಾಲ್ಲೂಕು ಕೋರ್ಟಿನಲ್ಲಿ ಆರು ತತ್ವ

ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ಸಾಮರ್ಥ್ಯ ಮತ್ತು ಶ್ರದ್ಧೆ. ಆರನ್ನು ಹೀಗೆ ಪಟ್ಟಿ ಮಾಡಿದರೆ ಪಾಠದ ಹಾಗೆ ಕೇಳುತ್ತದೆ. ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ನಡೆಯಬಹುದಾದ ಒಂದು ಸಾಧಾರಣ ದಾವೆಯನ್ನು ಮುಂದಿಟ್ಟುಕೊಂಡು ನೋಡೋಣ.

ನಾಲ್ಕು ಎಕರೆ ಶೇಂಗಾ ಹೊಲದಲ್ಲಿ ತಂಗಿ ತನ್ನ ಪಾಲು ಕೇಳಿದ್ದಾಳೆ. ಅಣ್ಣನ ಪರವಾಗಿ ಊರಿನ ಪ್ರಭಾವಿಯೊಬ್ಬರಿದ್ದಾರೆ. ಆ ಪ್ರಭಾವಿಯ ಮನೆಯ ಮದುವೆಗೆ ನ್ಯಾಯಾಧೀಶರಿಗೆ ಕರೆ ಬಂದಿದೆ. ಹೋದರೆ ತಪ್ಪೇ? ಚಿಕ್ಕ ಊರಿನಲ್ಲಿ ನ್ಯಾಯಾಧೀಶ ಜನರಿಂದ ಪೂರ್ತಿ ದೂರ ಇರಲಾರ, ಇರಬೇಕಾಗಿಯೂ ಇಲ್ಲ ಎಂದು ಬೆಂಗಳೂರು ತತ್ವಗಳ ವ್ಯಾಖ್ಯಾನ ಒಪ್ಪುತ್ತದೆ. ಆದರೆ ಪರೀಕ್ಷೆ ನ್ಯಾಯಾಧೀಶರ ಆತ್ಮಸಾಕ್ಷಿಯೊಂದರದ್ದೇ ಆಗಿರುವುದಿಲ್ಲ. ವಿಚಾರವಂತನಾದ ಹೊರಗಿನವನೊಬ್ಬ ನೋಡಿದರೆ ಅವನಿಗೆ ಸಂಶಯ ಬರುತ್ತದೆಯೇ ಎಂಬುದೇ ಅಳತೆ. ತಂಗಿಗೆ ನ್ಯಾಯ ಸಿಕ್ಕಿದರಷ್ಟೇ ಸಾಲದು, ಸಿಗುತ್ತದೆಂಬ ನಂಬಿಕೆ ಅವಳಿಗೆ ಕೋರ್ಟಿನ ಮೆಟ್ಟಿಲು ಹತ್ತುವಾಗಲೇ ಇರಬೇಕು. ಸಂಶಯಕ್ಕೆ ಆಸ್ಪದವಿದ್ದರೆ ನ್ಯಾಯಾಧೀಶ ಆ ಪ್ರಕರಣದಿಂದ ಹಿಂದೆ ಸರಿಯಬೇಕು.

ಅವಳು ಸಾಕ್ಷಿ ಹೇಳುವಾಗ ಎದುರು ಪಕ್ಷದ ವಕೀಲ ಅವಳ ಜಾತಿಯನ್ನೋ, ಗಂಡ ಬಿಟ್ಟದ್ದನ್ನೋ ಎತ್ತಿ ಹೀಯಾಳಿಸಿದರೆ? ಸಮಾನತೆಯ ತತ್ವ ಇಲ್ಲಿ ನ್ಯಾಯಾಧೀಶರಿಗೆ ಎರಡು ಹೊಣೆ ಹೊರಿಸುತ್ತದೆ. ತಾವು ಹಾಗೆ ನಡೆದುಕೊಳ್ಳಬಾರದು, ತಮ್ಮ ಮುಂದಿರುವ ವಕೀಲರು, ಸಿಬ್ಬಂದಿ ನಡೆದುಕೊಳ್ಳಲೂ ಬಿಡಬಾರದು. ಪ್ರಕರಣಕ್ಕೆ ಸಂಬಂಧವಿಲ್ಲದ ಭೇದಗಳ ಪಟ್ಟಿಯಲ್ಲಿ ಬಣ್ಣ, ಲಿಂಗ, ಧರ್ಮ, ಅಂಗವೈಕಲ್ಯ, ವೈವಾಹಿಕ ಸ್ಥಿತಿ, ಬಡತನ–ಸಿರಿತನದ ಜೊತೆ ಜಾತಿಯೂ ಇದೆ. ಜಗತ್ತಿನ ಎಲ್ಲ ನ್ಯಾಯಾಧೀಶರಿಗೆಂದು ಬರೆದ ದಾಖಲೆಯೊಂದು ಜಾತಿಯನ್ನು ಹೆಸರಿಟ್ಟು ಹೇಳಿರುವುದು ಚಿಕ್ಕ ಮಾತಲ್ಲ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವ ಕುಟುಂಬಗಳಿರುವ, ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಈ ಎರಡು ತಾಲ್ಲೂಕುಗಳಲ್ಲಿ ಆ ಒಂದು ಪದಕ್ಕೆ ದಿನನಿತ್ಯದ ಅರ್ಥವಿದೆ.

ಇನ್ನು ಕೊನೆಯ ತತ್ವ. ವಿಚಾರಣೆ ಮುಗಿದು ತೀರ್ಪಿಗೆಂದು ಕಾಯ್ದಿರಿಸಿದ ಪ್ರಕರಣ ವಾಯಿದೆಯ ಮೇಲೆ ವಾಯಿದೆ ಕಂಡರೆ ಬಸ್ ಚಾರ್ಜು, ಒಂದು ದಿನದ ಕೂಲಿ, ವಕೀಲರ ಫೀಸು ಎಲ್ಲವೂ ತಂಗಿಯ ತಲೆಗೇ. ಕಾಯ್ದಿರಿಸಿದ ತೀರ್ಪನ್ನು ತಕ್ಕಷ್ಟು ಬೇಗ ಕೊಡುವುದು ನ್ಯಾಯಾಧೀಶರ ನಡತೆಯ ಭಾಗ ಎನ್ನುತ್ತವೆ ಬೆಂಗಳೂರು ತತ್ವಗಳು. ವಿಳಂಬವನ್ನು ಆಡಳಿತದ ಕೊರತೆ ಎಂದಷ್ಟೇ ಬಗೆಯದೆ ನೀತಿಯ ಪ್ರಶ್ನೆಯನ್ನಾಗಿಯೂ ಮಾಡಿದ್ದು ಈ ದಾಖಲೆಯ ದೊಡ್ಡತನ.

ಬ್ರಹ್ಮಗಿರಿಯ ಬಂಡೆ, ಸನ್ನತಿಯ ಕಲ್ಲು

ಈ ಚಿಂತನೆಗೆ ನಮ್ಮ ನೆಲದಲ್ಲಿ ಬೇರು ಹುಡುಕುವವರು ದೂರ ಹೋಗಬೇಕಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು ಪತ್ತೆ ಮಾಡಿದ್ದು 1892ರಲ್ಲಿ. ಬ್ರಹ್ಮಗಿರಿಯ ಬಂಡೆಯ ಬರಹ ಶುರುವಾಗುವುದು ಪತ್ರದ ಧಾಟಿಯಲ್ಲಿ. ಸುವರ್ಣಗಿರಿಯಲ್ಲಿರುವ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ದೊರೆಯ ಮಾತನ್ನು ತಲುಪಿಸುತ್ತಾರೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಸಾರ. ಕೊನೆಗೆ ಬರೆದವನ ಹೆಸರಿದೆ: ಚಪಡ. ಉಳಿದ ಬರಹ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಅವನು ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಎಲ್ಲಿಯ ಗಡಿನಾಡಿನ ಲಿಪಿ, ಎಲ್ಲಿಯ ಮೊಳಕಾಲ್ಮೂರು! ರಾಜಧಾನಿಯ ನೀತಿ ಸ್ಥಳೀಯ ಅಧಿಕಾರಿಗೆ ಮುಟ್ಟಬೇಕೆಂಬ ಕಾಳಜಿ ಇಲ್ಲಿ ಕಲ್ಲಿನಲ್ಲಿ ಉಳಿದಿದೆ.

ನ್ಯಾಯಾಧಿಕಾರಿಗಳಿಗೆಂದೇ ಅಶೋಕ ಬರೆಸಿದ ಶಾಸನ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿದೆ. ಅದರ ಒಂದಷ್ಟು ಭಾಗ ನಮ್ಮ ಕಲಬುರಗಿ ಜಿಲ್ಲೆಯ, ಭೀಮಾ ತೀರದ ಸನ್ನತಿಯ ಕಲ್ಲಿನಲ್ಲೂ ಸಿಕ್ಕಿದೆ. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ಬಳಲಿಕೆ ಇವುಗಳಿಂದಾಗಿ ಅಧಿಕಾರಿ ಸಮಭಾವ ಕಳೆದುಕೊಳ್ಳುತ್ತಾನೆ ಎಂದು ಆ ಶಾಸನ ಎಚ್ಚರಿಸುತ್ತದೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕದಂತೆ ನೋಡಿಕೊಳ್ಳಲು ಐದು ವರ್ಷಕ್ಕೊಮ್ಮೆ ಹಿರಿಯ ಅಧಿಕಾರಿಯನ್ನು ಪರಿಶೀಲನೆಗೆ ಕಳಿಸುವುದಾಗಿಯೂ ಹೇಳುತ್ತದೆ. ಬೆಂಗಳೂರು ತತ್ವಗಳ ವ್ಯಾಖ್ಯಾನವೂ ಪ್ರಾಚೀನ ಈಜಿಪ್ಟ್, ಹಿಂದೂ, ಬೌದ್ಧ, ರೋಮನ್, ಚೀನೀ, ಆಫ್ರಿಕನ್, ಯಹೂದಿ, ಕ್ರೈಸ್ತ, ಇಸ್ಲಾಮೀ ಪರಂಪರೆಗಳಿಂದ ನ್ಯಾಯಾಧೀಶರ ಧರ್ಮವನ್ನು ಒಂದೆಡೆ ತಂದಿದೆ. ಪಕ್ಷಪಾತವಿಲ್ಲದ ನ್ಯಾಯ ಪಶ್ಚಿಮದಿಂದ ಬಂದ ಎರವಲು ಎನ್ನುವವರಿಗೆ ಸನ್ನತಿಯ ಕಲ್ಲೊಂದೇ ಸಾಕು.

ನಿಷ್ಪಕ್ಷಪಾತದ ಬೆಲೆಯನ್ನು ಮೊಳಕಾಲ್ಮೂರಿನ ಸೀಮೆ ಹತ್ತಿರದ ಕಾಲದಲ್ಲೂ ಕಂಡಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸಿನ ಬಳ್ಳಾರಿ ಜಿಲ್ಲೆ ಒಡೆಯಿತು. ಪಕ್ಕದ ರಾಯದುರ್ಗ ಆಂಧ್ರಕ್ಕೆ ಹೋಯಿತು. ಬಳ್ಳಾರಿ ತಾಲ್ಲೂಕು ಯಾರದೆಂಬ ಜಗಳ ತೀವ್ರವಾಗಿತ್ತು. ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವರದಿಯ ನಂತರ ಅದು ಮೈಸೂರಿಗೆ ಸೇರಿತು. ಒಂದು ಊರಿನ ಆಡಳಿತ ಭಾಷೆ, ಶಾಲೆ, ನೀರು ಎಲ್ಲವನ್ನೂ ನ್ಯಾಯಮೂರ್ತಿಯೊಬ್ಬರ ವರದಿ ತೀರ್ಮಾನಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಹೆಸರಿಗೆ ತಕ್ಕ ಕೆಲಸ

ಭಾರತದ ಸುಪ್ರೀಂ ಕೋರ್ಟ್ 1997ರ ಮೇ 7ರಂದೇ ನ್ಯಾಯಾಂಗ ಜೀವನದ ಮೌಲ್ಯಗಳ ತನ್ನದೇ ಪಟ್ಟಿಯನ್ನು ಅಂಗೀಕರಿಸಿದೆ. ಸಂವಿಧಾನದ 235ನೇ ವಿಧಿ ಜಿಲ್ಲೆ ಮತ್ತು ತಾಲ್ಲೂಕು ನ್ಯಾಯಾಲಯಗಳನ್ನು ಹೈಕೋರ್ಟಿನ ಹತೋಟಿಯಲ್ಲಿ ಇಟ್ಟಿದೆ. ಅಂತರರಾಷ್ಟ್ರೀಯ ಕಾನೂನನ್ನು ಗೌರವಿಸಬೇಕೆಂದು 51ನೇ ವಿಧಿ ಹೇಳುತ್ತದೆ. ರಾಜಿ ಸಂಧಾನಕ್ಕೆ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ದುಡಿಯುತ್ತಿದೆ. ಸಾಧನಗಳಿಗೆ ಬರವಿಲ್ಲ.

ಬೇಕಿರುವುದು ಇವು ಜನರಿಗೆ ಮುಟ್ಟುವುದು. ಬೆಂಗಳೂರು ತತ್ವಗಳ ಸರಳ ಕನ್ನಡ ಪಾಠವನ್ನು ರಾಜ್ಯದ ಪ್ರತಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ, ಕಕ್ಷಿದಾರರು ಕಾಯುತ್ತ ಕೂರುವ ಜಾಗದಲ್ಲಿ ಹಾಕಬೇಕು. ನ್ಯಾಯಾಧೀಶರ ನಡತೆಯ ಬಗ್ಗೆ ದೂರಿದ್ದರೆ ಯಾರಿಗೆ ಬರೆಯಬೇಕೆಂಬುದೂ ಅಲ್ಲೇ ಇರಬೇಕು. ಹಳ್ಳಿಗಳಲ್ಲಿ ಕಾನೂನು ಅರಿವು ಕಾರ್ಯಕ್ರಮ ನಡೆಸುವ ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಇದನ್ನು ತಮ್ಮ ಪಾಠದೊಳಗೆ ಸೇರಿಸಿಕೊಳ್ಳಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಈ ಸಂಗತಿ ಗೊತ್ತಿದ್ದರೆ ಪಾಲು ಕೇಳಿದ ತಂಗಿಗೆ ವಕೀಲರ ಫೀಸಿನ ಹೆದರಿಕೆ ಇರುವುದಿಲ್ಲ. ತನ್ನ ನ್ಯಾಯಾಧೀಶರಿಂದ ಏನನ್ನು ನಿರೀಕ್ಷಿಸಬಹುದು ಎಂದೂ ಗೊತ್ತಿದ್ದರೆ ಅವಳು ತಲೆ ಎತ್ತಿ ನಿಲ್ಲುತ್ತಾಳೆ. ಕಂಪಾಲಾ, ಮನಿಲಾಗಳ ನ್ಯಾಯಾಂಗ ನಮ್ಮ ರಾಜಧಾನಿಯ ಹೆಸರಿನ ತತ್ವಗಳನ್ನು ತನ್ನದಾಗಿಸಿಕೊಂಡಿದೆ. ಅವುಗಳನ್ನು ಕನ್ನಡದಲ್ಲಿ ಕೇಳಿ ಪಡೆಯುವ ಹಕ್ಕು ಮೊಳಕಾಲ್ಮೂರಿನ ಕಕ್ಷಿದಾರನಿಗೆ ಎಲ್ಲರಿಗಿಂತ ಮೊದಲು ಸಲ್ಲಬೇಕು.